ಊರಿಲ್ಲದ ಹನುಮಪ್ಪ, ಸೀರೆ ಉಟ್ಟ ಹೊಲ: ಹಳ್ಳಿ ದಾರಿಯಲ್ಲಿ ಕಣ್ಣಿಗೆ ಬೀಳುವುದು ಹೇಗೆ?

ಪ್ರಶ್ನೆ: ನಾನು ವಿಜಯಪುರದವನು. ಆರು ತಿಂಗಳಿಂದ ಪ್ರತಿ ಭಾನುವಾರ ಬೈಕ್ ತಗೊಂಡು ಹಳ್ಳಿ ದಾರಿ ಹಿಡಿದು ಸುತ್ತುತ್ತೇನೆ. ಬೇರೆಯವರು ಹಾಕುವ ಫೋಟೋಗಳಲ್ಲಿ ಏನೇನೋ ವಿಚಿತ್ರ, ಅಪರೂಪದ ದೃಶ್ಯ ಇರುತ್ತವೆ. ನನಗೆ ಕಾಣುವುದು ಬರೀ ಬಯಲು, ಜಾಲಿ ಗಿಡ, ಕಬ್ಬಿನ ಟ್ರ್ಯಾಕ್ಟರ್. ನಮ್ಮ ಕಡೆ ನಿಜವಾಗಿಯೂ ಏನೂ ಇಲ್ಲವಾ, ಅಥವಾ ನಾನು ನೋಡುವ ರೀತಿ ತಪ್ಪಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಭಾನುವಾರ ಅಂದಿರಲ್ಲ, ತೊಂದರೆ ಅಲ್ಲೇ ಇದೆ. ಭಾನುವಾರ ಪೇಟೆಯವರ ರಜೆ. ಹಳ್ಳಿ ನಡೆಯುವುದು ಹುಣ್ಣಿಮೆ, ಅಮಾವಾಸ್ಯೆ, ವಾರದ ಸಂತೆ, ಹೊಲದ ಕೆಲಸ ಇವುಗಳ ಲೆಕ್ಕದಲ್ಲಿ. ನಾನು ಇಪ್ಪತ್ತೆರಡು ವರ್ಷದಿಂದ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ವೀರಗಲ್ಲು (ಕಾಳಗದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು), ಶಾಸನ ಹುಡುಕಿ ಬರೆದಿಡುತ್ತಾ ತಿರುಗಿದ್ದೇನೆ. ಹುಡುಕಲು ಹೋದದ್ದು ಕಲ್ಲು. ದಾರಿಯಲ್ಲಿ ಸಿಕ್ಕಿದ್ದು ನೂರೆಂಟು. ಅದರಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ದು ಸರಿಯಾದ ದಿನ ಹೋಗಿದ್ದಕ್ಕೆ, ಉಳಿದದ್ದು ಗಾಡಿ ನಿಲ್ಲಿಸಿ ಯಾರನ್ನೋ ಮಾತಾಡಿಸಿದ್ದಕ್ಕೆ. ನಮ್ಮದು ಬಯಲು ನಾಡು, ಮಲೆನಾಡಿನ ಹಾಗೆ ತಿರುವಿಗೊಂದು ಜಲಪಾತ ಸಿಗುವುದಿಲ್ಲ. ಒಂದೇ ದಾರಿ ಜನವರಿಯಲ್ಲಿ ಒಂದು ಥರ, ಶ್ರಾವಣದಲ್ಲಿ ಇನ್ನೊಂದು ಥರ ಇರುತ್ತದೆ. ಅದಕ್ಕೇ ನಾನು ಮ್ಯಾಪ್ ತೆಗೆಯುವ ಮೊದಲು ಪಂಚಾಂಗ ನೋಡುತ್ತೇನೆ.

ಎಳ್ಳ ಅಮಾವಾಸ್ಯೆ ತಗೊಳ್ಳಿ. ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಬರುತ್ತದೆ. ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಬಲೇಶ್ವರದ ಕಡೆಗೋ ದೇವರ ಹಿಪ್ಪರಗಿ ಕಡೆಗೋ ಹೋಗಿ ನೋಡಿ. ಊರು ಖಾಲಿ. ಕಟ್ಟೆಯ ಮೇಲೆ ಒಬ್ಬರೂ ಇಲ್ಲ, ಮನೆಗಳಿಗೆ ಬೀಗ. ಏನೋ ಆಗಿದೆ ಅಂತ ಹೆದರಿಕೆಯಾಗುವಷ್ಟು ಖಾಲಿ. ಇಡೀ ಊರು ಹೊಲದಲ್ಲಿರುತ್ತದೆ. ಎದೆಯೆತ್ತರದ ಬಿಳಿಜೋಳದ ನಡುವೆ ಇಳಕಲ್ ಸೀರೆ, ಸಿಂಗಾರ ಮಾಡಿದ ಎತ್ತಿನ ಬಂಡಿ, ಪಕ್ಕದಲ್ಲೇ ಪೇಟೆಯಿಂದ ಬಂದ ಮಗಳು ಅಳಿಯನ ಕಾರು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಸಜ್ಜೆ ಕಡುಬು, ಭಜ್ಜಿ, ಶೇಂಗಾ ಹೋಳಿಗೆ ಇವುಗಳ ಚೂರನ್ನು ಕೂಗುತ್ತಾ ಬೆಳೆಯ ಮೇಲೆ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅಂತಾರೆ. ಪೈರು ಹೊತ್ತ ಭೂಮಿತಾಯಿಗೆ ಬಸುರಿಗೆ ಬಡಿಸುವ ಹಾಗೆ ಬಡಿಸುವುದು ಅದು. ನೀವು ರಸ್ತೆ ಬದಿ ಸುಮ್ನೆ ಗಾಡಿ ನಿಲ್ಲಿಸಿದರೆ ಸಾಕು, "ಬರ್ರಿ ಸರ, ಊಟಕ್ಕ ಬರ್ರಿ" ಅಂತ ಮೂರು ಹೊಲಗಳಿಂದ ಕೂಗು ಬರುತ್ತದೆ. ಹೋಗಿ ಕೂತು ಉಣ್ಣಿ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಹೀಗೆ ವರ್ಷದುದ್ದಕ್ಕೂ ಇದೆ. ಕಾರ ಹುಣ್ಣಿಮೆಯಲ್ಲಿ ಕೊಂಬಿಗೆ ಬಣ್ಣ ಬಳಿದ ಎತ್ತುಗಳನ್ನು ಓಡಿಸಿ, ಅಡ್ಡ ಕಟ್ಟಿದ ತೋರಣ ಹರಿಸುವ ಕರಿ ಹರಿಯುವುದು. ಆಷಾಢ ಏಕಾದಶಿಯ ಮುಂಚೆ ತಾಳ ಬಾರಿಸುತ್ತಾ ಪಂಢರಪುರಕ್ಕೆ ನಡೆದುಕೊಂಡು ಹೋಗುವ ಭಕ್ತರ ಗುಂಪುಗಳು, ಅಂದರೆ ದಿಂಡಿಗಳು. ಪಂಚಮಿಯಲ್ಲಿ ಹುಣಸೆ ಮರಕ್ಕೆ ಕಟ್ಟಿದ ಜೋಕಾಲಿ, ಅದರಲ್ಲಿ ಅರವತ್ತು ದಾಟಿದ ಅಜ್ಜಿಯರೂ ಜೀಕುತ್ತಿರುತ್ತಾರೆ. ಗಣೇಶ ಚೌತಿ ಮುಗಿದ ಮೇಲೆ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡ ಮಣ್ಣಿನ ಜೋಕುಮಾರನನ್ನು ತಲೆಯ ಮೇಲೆ ಹೊತ್ತು ಹಾಡುತ್ತಾ ಮನೆ ಮನೆಗೆ ಹೋಗುವ ಹೆಂಗಸರು. ಇನ್ನು ಅಲಾಯಿ ಹಬ್ಬ. ಮುಸ್ಲಿಮರ ಒಂದೂ ಮನೆ ಇಲ್ಲದ ಹಳ್ಳಿಯಲ್ಲೂ ಊರಿನವರೇ ಮೊಹರಂ ದೇವರು ಕೂರಿಸಿ, ಕುಣಿ ತೋಡಿ ಬೆಂಕಿ ಹಾಕಿ, ಸುತ್ತ ಹೆಜ್ಜೆ ಹಾಕುವುದನ್ನು ನೀವು ಒಮ್ಮೆ ನೋಡಲೇಬೇಕು. ಇದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಹಾಗಾಗಿ ದಿನಾಂಕ ಕೇಳಿಕೊಂಡು ಹೋಗಿ.

ಹಬ್ಬ ಬಿಟ್ಟರೆ ಹೊಲದ ಕೆಲಸ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತಿಕೋಟಾ, ಬಬಲೇಶ್ವರ, ಅಥಣಿಯ ತೆಲಸಂಗ ಈ ಸುತ್ತಲಲ್ಲಿ ರೈಲಿನ ಡಬ್ಬಿಗಳಂತೆ ಉದ್ದಕ್ಕೆ ನಿಂತ ಶೆಡ್‌ಗಳು ಕಾಣುತ್ತವೆ. ಗೋಡೆ ಇಲ್ಲ, ಹಸಿರು ಬಲೆ ಅಷ್ಟೇ. ಹತ್ತಿರ ಹೋದರೆ ಮೇಲಿಂದ ಕೆಳಗೆ ಹಲವು ಅಂತಸ್ತು ಜಾಳಿಗೆ, ಪ್ರತಿಯೊಂದರ ಮೇಲೂ ದ್ರಾಕ್ಷಿ. ಕೊಯ್ದ ಗೊಂಚಲನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲವಾಗಿ ಒಳಗಿನ ನೀರು ಬೇಗ ಆರುತ್ತದೆ. ಬಿಸಿಲಿಗೆ ನೇರ ಹಾಕಿದರೆ ಬಣ್ಣ ಕಪ್ಪಾಗುತ್ತದೆ, ಅದಕ್ಕೇ ನೆರಳಿನ ಶೆಡ್ಡು. ಸುಮಾರು 4 ಕೆಜಿ ಹಣ್ಣಿಗೆ 1 ಕೆಜಿ ಒಣದ್ರಾಕ್ಷಿ. ಹಣ್ಣು ಒಣಗುವ ಆ ಎರಡು ವಾರದಲ್ಲಿ ಮೋಡ ಕಂಡರೆ ಸಾಕು, ಶೆಡ್ಡಿನ ಮಾಲೀಕ ಎರಡು ನಿಮಿಷಕ್ಕೊಮ್ಮೆ ಆಕಾಶ ನೋಡುತ್ತಾನೆ. ಆ ಮುಖ ನೋಡಿದ ಮೇಲೆ ನನಗೆ ಒಣದ್ರಾಕ್ಷಿ ಬೆಲೆಯ ಬಗ್ಗೆ ಚೌಕಾಸಿ ಮಾಡಲು ಮನಸ್ಸು ಬಂದಿಲ್ಲ.

ಸೀರೆ ಉಟ್ಟ ಹೊಲವೂ ಅಷ್ಟೇ. ಕಬ್ಬು, ಗೋವಿನಜೋಳದ ಹೊಲಕ್ಕೆ ಸುತ್ತಲೂ ಕೆಂಪು, ಹಳದಿ, ಹೂವಿನ ಹಳೇ ಸೀರೆ ಕಟ್ಟಿರುತ್ತಾರೆ. ದೂರದಿಂದ ಯಾವುದೋ ಜಾತ್ರೆ ಅನ್ನಿಸುತ್ತದೆ. ಅದು ಕಾಡುಹಂದಿ ಬಾರದಿರಲಿ ಅಂತ. ದಾಳಿಂಬೆ ತೋಟದಲ್ಲಿ ಇದೇ ಹಳೇ ಸೀರೆ ಗಿಡದ ಮೇಲೆ ಹೊದಿಕೆಯಾಗಿರುತ್ತದೆ, ಅಲ್ಲಿ ಬಿಸಿಲಿಗೆ ಹಣ್ಣು ಸುಡಬಾರದು ಅಂತ. ನೋಡಲು ಒಂದೇ, ಕಾರಣ ಬೇರೆ. ನಿಲ್ಲಿಸಿ ಕೇಳಿದರೆ ಮಾತ್ರ ತಿಳಿಯುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಎರೆ (ಕರಿಮಣ್ಣಿನ) ಹೊಲಗಳ ನಡುವೆ ಹೋಗುವಾಗ ಸುತ್ತ ಎರಡು ಕಿಲೋಮೀಟರ್ ಒಂದೂ ಮನೆ ಇರುವುದಿಲ್ಲ. ಆದರೆ ಒಂದು ಹನುಮಪ್ಪನ ಗುಡಿ ಇರುತ್ತದೆ. ಸುಣ್ಣ ಹೊಸದು, ಎಣ್ಣೆ ದೀಪದ ಮಸಿ ಹಸಿ ಹಸಿ. ಯಾರು ಬರುತ್ತಾರೆ ಇಲ್ಲಿಗೆ? ನಮ್ಮ ಕಡೆ ಹನುಮಪ್ಪ ಇರುವುದು ಊರ ಅಗಸಿ ಬಾಗಿಲಲ್ಲಿ. ಅಂದರೆ ಹನುಮಪ್ಪ ಇದ್ದಾನೆ ಅಂದಮೇಲೆ ಅಲ್ಲಿ ಊರು ಇತ್ತು. ಕಂದಾಯದ ದಾಖಲೆಯಲ್ಲಿ ಇಂಥ ಊರಿಗೆ ಬೇಚರಾಕ್ ಗ್ರಾಮ ಅಂತ ಬರೆದಿರುತ್ತಾರೆ. ಪಾರಸಿಯ ಬೇ ಚಿರಾಗ್, ದೀಪವಿಲ್ಲದ್ದು. ಸಂಜೆ ದೀಪ ಹಚ್ಚುವವರು ಯಾರೂ ಉಳಿಯದ ಊರು. ಆ ಪದ ಮೊದಲ ಸಲ ಅರ್ಥವಾದ ದಿನ ನಾನು ತಲಾಠಿ (ಊರಿನ ಕಂದಾಯ ಲೆಕ್ಕಿಗ) ಕಚೇರಿಯ ಕಟ್ಟೆಯ ಮೇಲೆ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಊರು ಯಾಕೆ ಹಾಳಾಯಿತು ಅನ್ನುವುದಕ್ಕೆ ಒಂದೊಂದು ಕಡೆ ಒಂದೊಂದು ಕಥೆ. ಎಲ್ಲೋ ದಂಡು ಬಂತು, ಎಲ್ಲೋ ಹೊಳೆ ಏರಿತು, ಎಲ್ಲೋ ಪ್ಲೇಗು. 1876ರಿಂದ 1878ರ ದೊಡ್ಡ ಬರ ಆಗಿನ ಕಲಾದಗಿ ಜಿಲ್ಲೆಯನ್ನು, ಅಂದರೆ ಈಗಿನ ವಿಜಯಪುರ, ಬಾಗಲಕೋಟೆಯ ನೆಲವನ್ನು, ಬಹಳ ಕೆಟ್ಟದಾಗಿ ಹೊಡೆಯಿತು. ಗುಡಿಯ ಸುತ್ತ ಹತ್ತು ಹೆಜ್ಜೆ ನಡೆದು ನೆಲ ನೋಡಿ. ಕರಿಮಣ್ಣಿನ ನಡುವೆ ಅಲ್ಲಿ ಮಾತ್ರ ಬೂದಿ ಬಣ್ಣದ ಮಣ್ಣು, ಅದನ್ನು ಹಾಳಮಣ್ಣು ಅಂತಾರೆ. ಗಡಿಗೆ ಚೂರು, ಬಳೆ ಚೂರು, ಒಡೆದ ಬೀಸುಕಲ್ಲು. ಒಮ್ಮೆ ಹುನಗುಂದ ತಾಲ್ಲೂಕಿನಲ್ಲಿ ಇಂಥದ್ದೇ ಒಂದು ಗುಡಿಯ ಹತ್ತಿರ ಕುರಿ ಕಾಯುವ ಅಜ್ಜನನ್ನು ಕೇಳಿದೆ. "ನಮ್ಮ ಮುತ್ಯಾನ ಮುತ್ಯಾ ಈ ಊರಾಂವ್ರಿ. ನಾವೀಗ ಬ್ಯಾರೆ ಊರಾಗ ಅದೀವಿ. ಆದ್ರ ವರ್ಸಕ್ಕೊಮ್ಮೆ ಇಲ್ಲಿಗೆ ಬಂದು ಕಾಯಿ ಒಡೀತೀವಿ" ಅಂದರು. ಊರು ಹೋಗಿ ಆರು ತಲೆಮಾರಾಗಿರಬಹುದು. ದೇವರಿಗೆ ಸುಣ್ಣ ಬಳಿಯುವುದು ಮಾತ್ರ ನಿಂತಿಲ್ಲ.

ಇದರ ಹೊಸ ರೂಪ ಕೃಷ್ಣೆಯ ದಂಡೆಯಲ್ಲಿದೆ. ಆಲಮಟ್ಟಿಯ ಹಿನ್ನೀರಿನ ಕಡೆ ಬೇಸಿಗೆಯಲ್ಲಿ ಹೋಗಿ. ಹಳೇ ಡಾಂಬರು ರಸ್ತೆ ನೇರ ನೀರಿನೊಳಕ್ಕೆ ಇಳಿದು ಹೋಗುವುದು ಕಾಣುತ್ತದೆ. ನೀರು ಇಳಿದಾಗ ಗೋಡೆಯ ಬುನಾದಿ, ಕಟ್ಟೆ ಮೇಲೆ ಬರುತ್ತವೆ. ಜನ ಅದನ್ನು ಮುಳುಗಡೆ ಅನ್ನುತ್ತಾರೆ, ಒಂದೇ ಪದ, ಅದರಲ್ಲೇ ಎಲ್ಲಾ ಇದೆ. ಬೆಳಗಾವಿ ಜಿಲ್ಲೆಯ ಹಿಡಕಲ್ ಜಲಾಶಯದಲ್ಲಿ ಹುನ್ನೂರಿನ ವಿಠ್ಠಲ ದೇವಸ್ಥಾನ ಹೀಗೇ ನೀರಿನಲ್ಲಿ ಮುಳುಗಿ, ನೀರು ತೀರಾ ಕಡಿಮೆಯಾದಾಗ ಹೊರಗೆ ಬರುತ್ತದೆ. ಆಗ ಜನ ಸಾಲುಗಟ್ಟಿ ದರ್ಶನಕ್ಕೆ ಹೋಗುತ್ತಾರೆ. ಇಂಥ ಜಾಗದಲ್ಲಿ ನಿಮ್ಮ ಪಕ್ಕ ನಿಂತವರು ಅದೇ ಊರಿನವರಾಗಿರಬಹುದು. ಸೆಲ್ಫಿ ತೆಗೆಯುವ ಮುಂಚೆ ಅವರ ಜೊತೆ ಎರಡು ಮಾತಾಡಿ.

ಇರುವ ಊರೊಳಗೂ ನೋಡುವುದು ಬಹಳ ಇದೆ. ಊರ ನಡುವೆ ದುಂಡಗಿನ ಎತ್ತರದ ಕಲ್ಲಿನ ಕಟ್ಟಡ ಕಂಡರೆ ಅದು ಹುಡೇವು. ದಂಡು, ದರೋಡೆಕೋರರು ಬಂದಾಗ ಮೇಲೇರಿ ಕಾಯಲು ಕಟ್ಟಿದ್ದು. ಮೊಬೈಲಿನಲ್ಲಿ ಉಪಗ್ರಹದ ಚಿತ್ರ ತೆಗೆದು ಹಳ್ಳಿಯ ಮೇಲೆ ದೊಡ್ಡದು ಮಾಡಿ ನೋಡಿ, ಚೌಕಾಕಾರದ ಮನೆಗಳ ನಡುವೆ ಒಂದು ದುಂಡು ಎದ್ದು ಕಾಣುತ್ತದೆ. ನಾನು ಎಷ್ಟೋ ಹುಡೇವು ಮನೆಯಲ್ಲೇ ಕೂತು ಹುಡುಕಿಕೊಂಡಿದ್ದೇನೆ. ಹಾಗೇ ಹಗೇವು. ಮನೆಯ ಮುಂದೆ, ಕೆಲವು ಕಡೆ ಓಣಿಯಲ್ಲೇ, ಹಾಸುಗಲ್ಲು ಮುಚ್ಚಿದ ಬಾಯಿ. ಕೆಳಗೆ ಆಳು ಇಳಿಯುವಷ್ಟು ಗುಂಡಿ, ಅದರಲ್ಲಿ ವರ್ಷಗಟ್ಟಲೆ ಜೋಳ ಇಡುತ್ತಿದ್ದರು. ಮುಚ್ಚಿಟ್ಟ ಗುಂಡಿಯಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಅದಕ್ಕೇ ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ, ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಯಾರಾದರೂ ತೋರಿಸಿದರೂ ದಯವಿಟ್ಟು ಒಳಗೆ ಇಳಿಯಬೇಡಿ.

ಹನುಮಪ್ಪನ ಗುಡಿ ಮುಂದೆ ಬಿದ್ದಿರುವ ದುಂಡು ಕಲ್ಲು, ಹಿಡಿಕೆ ಕೊರೆದ ಸಂಗ್ರಾಣಿ ಕಲ್ಲು ಇವು ಹುಡುಗರು ಎತ್ತಿ ಪಣ ಗೆಲ್ಲುವ ಕಲ್ಲುಗಳು. ಇನ್ನು ವೀರಗಲ್ಲು. ಹೊಲದ ಬದುವಿನಲ್ಲಿ, ಬಾವಿಯ ಗೋಡೆಯಲ್ಲಿ, ಬಟ್ಟೆ ಒಗೆಯುವ ಹಾಸುಗಲ್ಲಾಗಿ ಕೂಡ ಸಿಗುತ್ತವೆ. ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗಿನ ಸಾಲಿನಲ್ಲಿ ಆಕಳುಗಳಿದ್ದರೆ ಅವನು ದನ ಕಾಯಲು ಹೋರಾಡಿ ಸತ್ತವನು. ಕಂಬದಿಂದ ಹೊರಟ ಬಳೆ ತೊಟ್ಟ ಕೈ ಇದ್ದರೆ ಅದು ಮಾಸ್ತಿಕಲ್ಲು, ಗಂಡನ ಜೊತೆ ಸತಿ ಹೋದವಳದು. ಆಕಳು, ಕರು, ಕತ್ತಿ, ಲಿಂಗ ಒಟ್ಟಿಗೆ ಇದ್ದು ಕೆಳಗೆ ಸಾಲು ಸಾಲು ಅಕ್ಷರ ಇದ್ದರೆ ದಾನಶಾಸನ. ಅದರ ಕೊನೆಯಲ್ಲಿ ಹೆಚ್ಚಾಗಿ ಒಂದು ಶಾಪ ಇರುತ್ತದೆ, ಕೊಟ್ಟ ಭೂಮಿ ಕಸಿದವನು 60 ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಅಂತ. ಸಾವಿರ ವರ್ಷದ ಹಿಂದೆಯೂ ಜನ ಭೂಮಿಗಾಗಿ ಇಷ್ಟೇ ಹೆದರುತ್ತಿದ್ದರು. ಇದನ್ನು ಓದಿ ಹೇಳಿದಾಗ ರೈತರು ಕೊಡುವ ಗಮನವನ್ನು ನಾನು ಯಾವ ಸಭೆಯಲ್ಲೂ ಕಂಡಿಲ್ಲ.

ನೀವು ವಿಜಯಪುರದಲ್ಲೇ ಇರುವುದರಿಂದ ಹತ್ತಿರದ್ದು ಒಂದಿಷ್ಟು ಹೇಳುತ್ತೇನೆ. ಸಿಂದಗಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಕುಮಟಗಿ. ಆದಿಲಶಾಹಿಗಳು ಬೇಸಿಗೆ ಕಳೆಯಲು ಕಟ್ಟಿದ ಜಲಮಹಲು. ಹೊಂಡದ ನಡುವೆ ಎರಡಂತಸ್ತಿನ ಮಂಟಪ, ಛಾವಣಿಯಿಂದ ನೀರು ಮಳೆಯಂತೆ ಸುರಿಯಲು ಮಾಡಿದ ವ್ಯವಸ್ಥೆ, ಗೋಡೆ ಮೇಲೆ ಮಾಸಿಹೋದ ಬಣ್ಣದ ಚಿತ್ರ. ಗೋಲಗುಮ್ಮಟಕ್ಕೆ ಬರುವವರಲ್ಲಿ ಎಷ್ಟು ಜನ ಇದನ್ನು ನೋಡುತ್ತಾರೆ ಹೇಳಿ? ತೊರವಿ ಕಡೆ ಹೋದರೆ ಸಂಗೀತ ಮಹಲ್ ಇದೆ. ಜೊತೆಗೆ ನೆಲದೊಳಗೆ ನೀರು ತರುತ್ತಿದ್ದ ಸುರಂಗ ಬಾವಿಯ ಗಾಳಿಕಿಂಡಿಗಳು ಆ ಸುತ್ತಲಲ್ಲಿ ಸಾಲಾಗಿ ಸಿಗುತ್ತವೆ. ಒಂದು ಕಂಡರೆ ಅದೇ ಗೆರೆಯಲ್ಲಿ ಮುಂದಿನದನ್ನು ಹುಡುಕಿ. ಊರ ಹೊರಗೆ ಸಾಠ್ ಕಬರ್ ಇದೆ, ಒಂದೇ ಕಟ್ಟೆಯ ಮೇಲೆ ಒಂದೇ ಥರದ ಅರವತ್ತಕ್ಕೂ ಹೆಚ್ಚು ಸಮಾಧಿ. 1659ರಲ್ಲಿ ಶಿವಾಜಿಯ ಮೇಲೆ ಹೊರಡುವ ಮುಂಚೆ ಆದಿಲಶಾಹಿ ಸೇನಾಪತಿ ಅಫಜಲಖಾನ ತನ್ನ ಹೆಂಡತಿಯರನ್ನೆಲ್ಲ ಕೊಂದ ಅನ್ನುವುದು ಜನ ಹೇಳುತ್ತಾ ಬಂದ ಕಥೆ. ಅಲ್ಲಿ ಗದ್ದಲ ಮಾಡಬೇಡಿ.

ಐಹೊಳೆಗೆ ನೀವು ಹೋಗಿರುತ್ತೀರಿ. ಆದರೆ ಗುಡಿಗಳ ಹೆಸರು ಗಮನಿಸಿದ್ದೀರಾ? ಲಾಡಖಾನ, ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ. ದೇವರ ಹೆಸರೇ ಇಲ್ಲ. ಆ ಗುಡಿಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದರು, ಅವರ ಹೆಸರೇ ಉಳಿಯಿತು. ಮೇಗುತಿ ಗುಡ್ಡಕ್ಕೆ ಹತ್ತಿ 634ರ, ಚಾಲುಕ್ಯರ ಕವಿ ರವಿಕೀರ್ತಿಯ ಶಾಸನ ನೋಡಿ ಎಲ್ಲರೂ ಇಳಿದುಬಿಡುತ್ತಾರೆ. ಹಿಂದಕ್ಕೆ ಸ್ವಲ್ಪ ನಡೆದರೆ ಮೂರು ಬಂಡೆ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳಿವೆ, ಚಾಲುಕ್ಯರಿಗಿಂತ ಎಷ್ಟೋ ಹಳೆಯವು. ಸಮಯ ಇದ್ದರೆ ಸಿದ್ದನಕೊಳ್ಳಕ್ಕೂ ಹೋಗಿ. ಬಂಡೆಯ ಮರೆಯಲ್ಲಿ ಲಜ್ಜಾಗೌರಿ ಇದ್ದಾಳೆ, ಮಕ್ಕಳಿಲ್ಲದವರು ಅಲ್ಲಿ ಹರಕೆ ಹೊರುತ್ತಾರೆ. ಖಾನಾಪುರ ತಾಲ್ಲೂಕಿನ ನಂದಗಡದಲ್ಲೂ ಹೀಗೇ. 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಜನ ತೊಟ್ಟಿಲು ಕಟ್ಟುತ್ತಾರೆ, ಅವನಂಥ ಮಗ ಹುಟ್ಟಲಿ ಅಂತ. ಬೀಳಗಿಯ ಯಡಹಳ್ಳಿ ಕಡೆ ಬೆಳಗಿನ ಜಾವ ಹೋದರೆ ಚಿಂಕಾರ ಅನ್ನುವ ಸಣ್ಣ ಜಿಂಕೆ ಸಿಗಬಹುದು, ಎಂಜಿನ್ ಬಂದ್ ಮಾಡಿ ಕಾಯಬೇಕು.

ಹುಡುಕುವುದು ಹೇಗೆ ಅಂದರೆ, ನನ್ನ ದೊಡ್ಡ ಆಸರೆ ವಸ್ತಿ ಬಸ್. ರಾತ್ರಿ ಹಳ್ಳಿಯಲ್ಲೇ ನಿಂತು ಬೆಳಿಗ್ಗೆ ವಾಪಸ್ ಬರುವ ಬಸ್ಸು. ಅದರ ಡ್ರೈವರ್, ಕಂಡಕ್ಟರ್‌ಗೆ ಯಾವ ಊರಲ್ಲಿ ಯಾವಾಗ ಜಾತ್ರೆ, ಎಲ್ಲಿ ಎತ್ತುಗಳ ತೆರಬಂಡಿ ಓಟ, ಯಾವ ಗುಡಿ ಎದುರು ಅಕ್ಷರ ಇರುವ ಕಲ್ಲು, ಎಲ್ಲಾ ಗೊತ್ತಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಕಪ್ ಚಹಾ ಕುಡಿಸಿ ಕೇಳಿ. ಹಳ್ಳಿಗೆ ಹೋದ ಮೇಲೆ "ಇಲ್ಲಿ ನೋಡುವಂಥದ್ದು ಏನಿದೆ?" ಅಂತ ಕೇಳಬೇಡಿ. ಏನೂ ಇಲ್ರಿ ಅನ್ನುತ್ತಾರೆ, ಅವರಿಗೆ ಅದು ದಿನಾ ನೋಡುವುದು. "ಈ ಕಲ್ಲಿಗೆ ಯಾಕ್ರೀ ಎಣ್ಣಿ ಹಚ್ಚೀರಿ?" ಅಂತ ಒಂದನ್ನೇ ತೋರಿಸಿ ಕೇಳಿ. ಅಲ್ಲಿಂದ ಮಾತು ತಾನೇ ಹರಿಯುತ್ತದೆ. ಬೈಕಿನ ವೇಗ 30 ದಾಟಬಾರದು. ಒಂದು ದಿನಕ್ಕೆ ಮೂರು ಹಳ್ಳಿ ಸಾಕು.

ಮಳೆ ಬಂದ ದಿನ ಎರೆ ದಾರಿಗೆ ಇಳಿಯಬೇಡಿ. ಡೋಣಿ ನದಿಯ ದಂಡೆಯಲ್ಲಿ ಒಮ್ಮೆ ಹತ್ತು ನಿಮಿಷದ ಮಳೆಗೆ ನನ್ನ ಬೈಕಿನ ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಚಕ್ರ ತಿರುಗಲೇ ಇಲ್ಲ. ಇಬ್ಬರು ರೈತರು ಕುರ್ಪಿಯಿಂದ ಕೆರೆದು ತೆಗೆದು, ರಾತ್ರಿ ಮನೆಯಲ್ಲಿ ರೊಟ್ಟಿ ಕೊಟ್ಟು ಮಲಗಿಸಿಕೊಂಡರು. ಎಲ್ಲರಿಗೂ ಹಾಗೆ ಯಾರಾದರೂ ಸಿಗುತ್ತಾರೆ ಅನ್ನಲಾಗದು.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಒಂಟಿ ಗುಡಿ, ಹಾಳೂರು, ಹೊಸದಾಗಿ ಕಂಡ ಶಾಸನ, ಇವುಗಳ ಫೋಟೋ ಹಾಕಿ, ಆದರೆ ಜಾಗದ ಗುರುತು ಹಾಕಬೇಡಿ. ನಿಧಿ ಆಸೆಗೆ ಲಿಂಗ ಕಿತ್ತು, ಬಸವನ ಹೊಟ್ಟೆ ಒಡೆದು ಅಗೆದಿರುವ ಗುಂಡಿಗಳನ್ನು ನಾನು ಎಷ್ಟು ಕಡೆ ನೋಡಿದ್ದೇನೆ ಅಂದರೆ, ಈಗ ಗುಡಿ ಒಳಗೆ ಕಾಲಿಡುವಾಗ ಎದೆ ಢವಗುಟ್ಟುತ್ತದೆ. ಅಕ್ಷರ ಕಾಣಲಿ ಅಂತ ತಂತಿ ಬ್ರಷ್ ಹಾಕಿ ಉಜ್ಜಬೇಡಿ. ನೀರು ಚಿಮುಕಿಸಿ, ಸಂಜೆಯ ಓರೆ ಬಿಸಿಲಿಗೆ ಕಾಯಿರಿ, ತಾನೇ ಎದ್ದು ಕಾಣುತ್ತದೆ. ಊರ ಹಿರಿಯರಿಗೆ ಹೇಳಿ, ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಿರಿ. ಹೆಣ್ಣುಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ. ತೆಗೆದ ಫೋಟೋದ ಒಂದು ಪ್ರತಿ ಮುಂದಿನ ಸಲ ಹೋದಾಗ ಅವರಿಗೆ ಕೊಟ್ಟು ಬನ್ನಿ.

ಶುರು ಎಲ್ಲಿಂದ ಅಂದಿರಿ. ಮುಂದಿನ ಅಮಾವಾಸ್ಯೆಗೆ ರಜೆ ಹಾಕಿ. ಬೆಳಿಗ್ಗೆ ಆರಕ್ಕೆ ಹೊರಟು ಕುಮಟಗಿ ನೋಡಿಕೊಂಡು, ಅಲ್ಲಿಂದ ಮುಖ್ಯ ರಸ್ತೆ ಬಿಟ್ಟು ಯಾವುದಾದರೂ ಬಂಡಿ ದಾರಿ ಹಿಡಿಯಿರಿ. ಮೊದಲು ಸಿಗುವ ಹನುಮಪ್ಪನ ಗುಡಿ ಹತ್ತಿರ ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಕಟ್ಟೆ ಮೇಲೆ ಅರ್ಧ ಗಂಟೆ ಕೂತಿರಿ. ಯಾರಾದರೂ ಬಂದು "ಯಾವೂರಾತ್ರಿ?" ಅಂತ ಕೇಳೇ ಕೇಳುತ್ತಾರೆ. ನಿಮ್ಮ ಊರು ಹೇಳಿ, ಆಮೇಲೆ ಆ ಗುಡಿಯ ಊರು ಯಾವುದು ಅಂತ ಅವರನ್ನು ಕೇಳಿ.